ರುಮಾಲು ಸುತ್ತಿದ ಅಕ್ಷರ

ಮದುವೆಯ ಕಾರ್ಡನ್ನು ಚಿಗವ್ವ ಮೊದಲು ಉದ್ದ ಹಿಡಿದು ನೋಡಿದಳು. ಆಮೇಲೆ ಅಡ್ಡ ಹಿಡಿದಳು. ಕಿಟಕಿಯ ಬೆಳಕಿಗೆ ಒಡ್ಡಿದಳು. ಚಾಳೀಸು ತೆಗೆದು ಸೆರಗಿನಿಂದ ಒರೆಸಿ ಮತ್ತೆ ಏರಿಸಿಕೊಂಡಳು. ಕೊನೆಗೆ ಎದುರಿಗೆ ಕೂತಿದ್ದ ಮಗನನ್ನು ಕೇಳಿದಳು:

“ಕಾರ್ಡ್ ಚಂದ ಐತಿ. ಇದ್ರಾಗ ಬರದದ್ದು ಎಲ್ಲೈತಪಾ?”

ನಾನು ನಕ್ಕೆ. ಮಹಾಂತೇಶ ನಗಲಿಲ್ಲ. ಮದುವೆ ಅವನ ಮಗಳದು, ಡಿಸೈನ್ ಆಯ್ಕೆ ಅವನದು. ಕೆನೆ ಬಣ್ಣದ ದಪ್ಪ ಕಾಗದ, ಅದರ ಮೇಲೆ ಬಂಗಾರದ ಬಣ್ಣದ ತೆಳ್ಳನೆ ಅಕ್ಷರ. ಅಕ್ಷರ ಎನ್ನುವುದಕ್ಕಿಂತ ಇರುವೆ ನಡೆದುಹೋದ ಗುರುತು ಎನ್ನಬಹುದು. ಇದೇ ಈಗಿನ ಟ್ರೆಂಡ್, ಸಿಂಪಲ್ ಆಗಿದ್ದರೆ ರಿಚ್ ಆಗಿ ಕಾಣುತ್ತದೆ ಎಂದು ಅವನು ತಾಯಿಗೆ ತಿಳಿಸಿ ಹೇಳಿದ. ಕಾಣುವುದಿಲ್ಲ ಎಂಬುದೇ ಅವಳ ತಕರಾರು ಎಂದು ನಾನು ನಡುವೆ ಬಾಯಿ ಹಾಕಿದೆ.

ಚಿಗವ್ವ ಬೆರಳಿಟ್ಟು ಹುಡುಕಿ ಒಂದು ಸಾಲಿನ ಮೇಲೆ ನಿಂತಳು. ‘ಲಿಂ. ಶ್ರೀ ಗುರುಬಸಪ್ಪ ಹಾಗೂ ಶ್ರೀಮತಿ ಗಂಗವ್ವ ಇವರ ಮೊಮ್ಮಗಳು.’ ಗಂಗವ್ವ ಎಂದರೆ ಅವಳೇ. ಗುರುಬಸಪ್ಪ ಎಂದರೆ ಅವಳ ಗಂಡ, ನನ್ನ ಅಪ್ಪನ ತಮ್ಮ, ನಮ್ಮೆಲ್ಲರ ಕಾಕಾ. ತೀರಿಕೊಂಡು ಎರಡು ದೀಪಾವಳಿ ಕಳೆದವು. ‘ಲಿಂ.’ ಎಂದರೆ ನಿಮಗೆ ಗೊತ್ತೇ ಇದೆ, ಲಿಂಗೈಕ್ಯ. ನಮ್ಮ ಕಡೆಯ ಕಾರ್ಡುಗಳಲ್ಲಿ ಇದ್ದವರನ್ನೂ ಹೋದವರನ್ನೂ ಬೇರೆ ಮಾಡುವುದು ಆ ಒಂದು ಅಕ್ಷರ, ಒಂದು ಸೊನ್ನೆ, ಒಂದು ಚುಕ್ಕಿ.

ಚಿಗವ್ವ ಕಾರ್ಡನ್ನು ಮಡಚಿ ಮಗನ ಕೈಗೆ ಕೊಟ್ಟಳು. “ಅವರ ಹೆಸರಿಗೆ ರುಮಾಲಿಲ್ಲ. ಇದಕ್ಕ ನಾ ಅರಿಷಿಣ ಹಚ್ಚೂದಿಲ್ಲ,” ಅಂದಳು.

ಮುಗಿಯಿತು. ಮನೆಯ ಹಿರಿಯಳು ಮೊದಲ ಕಾರ್ಡಿನ ನಾಲ್ಕು ಮೂಲೆಗೆ ಅರಿಷಿಣ ಕುಂಕುಮ ಹಚ್ಚಿ ದೇವರ ಜಗಲಿಯ ಮೇಲೆ ಇಡಬೇಕು. ಆಮೇಲೆಯೇ ಉಳಿದ ಕಾರ್ಡುಗಳು ಹೊಸ್ತಿಲು ದಾಟುವುದು. ಮದುವೆ ಹತ್ತಿರ ಬಂದಿತ್ತು. ಮಹಾಂತೇಶನ ಮುಖ ನೋಡುವಂತಿರಲಿಲ್ಲ. ಅವನಿಗೆ ರುಮಾಲಿನ ಮಾತು ಅರ್ಥವಾಗಿರಲಿಲ್ಲ ಎಂದಲ್ಲ. ಚೆನ್ನಾಗಿ ಅರ್ಥವಾಗಿತ್ತು, ಅದೇ ಕಷ್ಟ.

ರುಮಾಲಿನ ಕತೆ ನಿಮಗೂ ಹೇಳಬೇಕು.

ಕಾಕಾನದು ಸವಣೂರಿನಲ್ಲಿ ಪ್ರೆಸ್ಸು. ಕಾಲಿನಿಂದ ತುಳಿಯುವ ಮಶೀನು, ಗೋಡೆಯುದ್ದಕ್ಕೂ ಮರದ ಖಾನೆಗಳು, ಖಾನೆಗಳ ತುಂಬ ಸೀಸದ ಮೊಳೆಗಳು. ಒಂದೊಂದು ಮೊಳೆಯ ತಲೆಯ ಮೇಲೆ ಒಂದೊಂದು ಅಕ್ಷರ, ಅದೂ ಉಲ್ಟಾ. ಸಣ್ಣ ಅಕ್ಷರದ ಮೊಳೆಗಳು ಎಲ್ಲ ಪ್ರೆಸ್ಸಿನಲ್ಲೂ ಇರುತ್ತಿದ್ದವು. ಕಾಕಾನ ಹತ್ತಿರ ದಪ್ಪಕ್ಷರದ ಒಂದು ಸೆಟ್ಟು ಇತ್ತು. ಅದಕ್ಕಾಗಿಯೇ ಹಾನಗಲ್ಲಿನಿಂದ, ಹಿರೇಕೆರೂರಿನಿಂದ ಜನ ಬಸ್ಸು ಹತ್ತಿ ಬರುತ್ತಿದ್ದರು.

ಏನಿತ್ತು ಆ ಅಕ್ಷರದಲ್ಲಿ? ಹೊಟ್ಟೆ ದಪ್ಪ, ಸೊಂಟ ಸಣ್ಣ. ತಿರುವಿನಲ್ಲಿ ಗೆರೆ ತೆಳ್ಳಗಾಗಿ, ಇಳಿಯುವಾಗ ಮತ್ತೆ ಮೈದುಂಬಿಕೊಳ್ಳುತ್ತಿತ್ತು. ಬಳ್ಳಿಯ ತುದಿಯಲ್ಲಿ ಒಂದು ಗುಂಡು. ಎಲ್ಲಕ್ಕಿಂತ ಮುಖ್ಯ, ಮೇಲಿನ ತಲೆಕಟ್ಟು. ಈಗಿನ ಫಾಂಟುಗಳಲ್ಲಿ ತಲೆಕಟ್ಟು ಎಂದರೆ ಒಂದು ಸಣ್ಣ ಗೀಟು, ಅಷ್ಟೆ. ಕಾಕಾನ ಅಕ್ಷರಕ್ಕೆ ಅದು ಅಗಲವಾಗಿ, ಬಲಕ್ಕೆ ತುದಿ ಎತ್ತಿಕೊಂಡು, ಚುಂಗು ಬಿಟ್ಟು ಸುತ್ತಿದ ರುಮಾಲಿನ ಹಾಗೇ ಇರುತ್ತಿತ್ತು. ತಲೆಕಟ್ಟು ಎಂದರೆ ತಲೆಗೆ ಕಟ್ಟಿದ್ದು ತಾನೆ? ಹಾಗಾಗಿ ಜನ ಅದಕ್ಕೆ ‘ರುಮಾಲಿನ ಅಕ್ಷರ’ ಎಂದೇ ಹೆಸರಿಟ್ಟರು. “ಹೆಸರು ಅಷ್ಟು ರುಮಾಲಿನ್ಯಾಗ ಇರ್ಲಿ ಸಾವಕಾರ್ರ” ಎಂದು ಹೇಳಿ ಹೋಗುತ್ತಿದ್ದರು.

ಕಾಕಾ ಮಾತ್ರ ತಲೆಗೆ ಏನನ್ನೂ ಸುತ್ತಿದವನಲ್ಲ. ಮಶೀನಿನ ಮುಂದೆ ಸೆಕೆ ಎಂದು ಸದಾ ಬರಿದಲೆ. ತನ್ನ ಹೆಸರಿನ ನಡುವಿನ ‘ಬ’ ತೋರಿಸಿ ನಗುತ್ತಿದ್ದ. ಗು, ರು, ಸ, ಪ್ಪ, ಎಲ್ಲಕ್ಕೂ ರುಮಾಲು. ‘ಬ’ಗೆ ತಲೆಕಟ್ಟೇ ಇಲ್ಲವಲ್ಲ! “ಅಂವ ನಾನು,” ಅನ್ನುತ್ತಿದ್ದ.

ಆ ಅಕ್ಷರ ಹೋಗದ ಕಡೆ ಯಾವುದಿತ್ತು? ಮದುವೆಯ ಕಾರ್ಡಿನ ಮೇಲೆ ಅದೇ. ಸವಣೂರ ಖಾರದ ಪೊಟ್ಟಣದ ಚೀಟಿಯ ಮೇಲೆ ಅದೇ. ಬಂಕಾಪುರದಲ್ಲಿ ಎತ್ತು ಕಳೆದರೆ ಗೋಡೆಗೆ ಹಚ್ಚುವ ಕಾಗದದಲ್ಲಿ ‘ಎತ್ತು’ ಎಂಬುದಷ್ಟೇ ಆ ಅಕ್ಷರದಲ್ಲಿ. (ಆ ಎರಡಕ್ಷರ ನೋಡಿದರೆ ಕೋಡು, ಬೆನ್ನ ಮೇಲಿನ ಹಿಣಿಲು ಎಲ್ಲ ಕಂಡಂತಾಗುತ್ತಿತ್ತು.) ಹಿರೇಬೆಂಡಿಗೇರಿಯವರ ನಾಟಕದ ಹ್ಯಾಂಡಬಿಲ್ಲಿನಲ್ಲಿ ಖಳನಾಯಕನ ಪಾತ್ರಧಾರಿ ತನ್ನ ಹೆಸರೂ ರುಮಾಲಿನಲ್ಲೇ ಬರಬೇಕು ಎಂದು ಹಟ ಹಿಡಿದು ಪ್ರೆಸ್ಸಿನ ಬಾಗಿಲಲ್ಲಿ ಕೂತಿದ್ದನಂತೆ. ಎಲೆಕ್ಷನ್ ಬಂದರೆ ಎದುರಾಳಿಗಳಿಬ್ಬರೂ ಅದೇ ಅಕ್ಷರ ಕೇಳುತ್ತಿದ್ದರು. ಕಾಕಾ ಇಬ್ಬರಿಗೂ ಕೊಡುತ್ತಿದ್ದ. ಸೋತವನ ಹೆಸರೂ ಗೋಡೆಯ ಮೇಲೆ ಮುಂದಿನ ಮಳೆಗಾಲದವರೆಗೆ ಗತ್ತಿನಿಂದ ನಿಂತಿರುತ್ತಿತ್ತು.

ಒಂದೇ ಒಂದು ತೊಂದರೆ. ‘ಪ’ ಮತ್ತು ‘ಪ’ದ ಒತ್ತು ಸಾಲುತ್ತಿರಲಿಲ್ಲ. ಯಾಕೆ ಎಂದು ಕೇಳಬೇಡಿ, ನಮ್ಮ ಸೀಮೆಯ ಹೆಸರುಗಳನ್ನು ನೀವೇ ನೆನಪಿಸಿಕೊಳ್ಳಿ. ಬಸಪ್ಪ, ಮಲ್ಲಪ್ಪ, ನಿಂಗಪ್ಪ, ಫಕ್ಕೀರಪ್ಪ, ವೀರಭದ್ರಪ್ಪ. ಒಂದು ಕಾರ್ಡಿನಲ್ಲಿ ಅಜ್ಜ, ಅಪ್ಪ, ದೊಡ್ಡಪ್ಪ, ಸೋದರಮಾವ ಎಲ್ಲರೂ ಅಪ್ಪಂದಿರೇ. ಮೊಳೆ ಅಷ್ಟೂ ಅಲ್ಲಿಯೇ ಖರ್ಚು. ಆ ಕಾರ್ಡು ಅಚ್ಚಾಗಿ, ಮೊಳೆ ಬಿಚ್ಚಿ, ಸೀಮೆಎಣ್ಣೆಯಲ್ಲಿ ತಿಕ್ಕಿ ಖಾನೆಗೆ ಮರಳಿಸುವವರೆಗೂ ಮುಂದಿನ ಮದುವೆಯವರು ಕಾಯಬೇಕು. “ಹಾನಗಲ್ಲಿನ ಅಪ್ಪಗೋಳು ಇನ್ನೂ ಬಿಡುಗಡಿ ಆಗಿಲ್ಲ, ನಾಳೆ ಬರ್ರಿ” ಎಂದು ಕಾಕಾ ಹೇಳಿದರೆ ಯಾರಿಗೂ ಸಿಟ್ಟು ಬರುತ್ತಿರಲಿಲ್ಲ. ಕಟ್ಟೆಯ ಮೇಲೆ ಕೂತು ಎಲೆ ಅಡಿಕೆ ಹಾಕಿಕೊಂಡು ಎದ್ದು ಹೋಗುತ್ತಿದ್ದರು.

ಪ್ರೂಫ್ ನೋಡುವವಳು ಚಿಗವ್ವ. ಪ್ರೆಸ್ಸಿನ ಹಿಂದೆಯೇ ಮನೆ. ಅಕ್ಕಿ ಆರಿಸುವ ಮೊರದ ಪಕ್ಕದಲ್ಲೇ ಹಸಿ ಮಸಿಯ ಕಾಗದ ಇಟ್ಟುಕೊಂಡು ಎರಡೂ ಕಡೆಯ ಹರಳು ತೆಗೆಯುತ್ತಿದ್ದಳು. ಕಾಗದ ಬರುವುದಕ್ಕೆ ಮೊದಲೇ, ಜೋಡಿಸಿಟ್ಟ ಮೊಳೆಯನ್ನೇ ಉಲ್ಟಾ ಓದಿ ಇಲ್ಲಿ ದೀರ್ಘ ತಪ್ಪಿದೆ ಅನ್ನುತ್ತಿದ್ದಳು. ಹೆಸರು ತಪ್ಪಾದರೆ ಮನೆತನಕ್ಕೆ ಮನೆತನವೇ ಮುನಿಸಿಕೊಳ್ಳುವ ಕಾಲ ಅದು. ಅವಳ ಕಣ್ಣು ತಪ್ಪಿಸಿ ಒಂದು ಚುಕ್ಕಿಯೂ ಪ್ರೆಸ್ಸಿನಿಂದ ಆಚೆ ಹೋದ ನೆನಪು ನಮಗ್ಯಾರಿಗೂ ಇಲ್ಲ.

ಇನ್ನೊಂದು ಸಂಗತಿ ಹೇಳಿಬಿಡುತ್ತೇನೆ. ಕಾಕಾ ‘ಲಿಂ.’ ಎಂಬುದನ್ನು ರುಮಾಲಿನ ಅಕ್ಷರದಲ್ಲಿ ಎಂದೂ ಜೋಡಿಸಲಿಲ್ಲ. ತೀರಿಕೊಂಡವರ ಶಿವಗಣಾರಾಧನೆಯ ಕಾರ್ಡಾದರೂ ಅಷ್ಟೆ. ‘ಲಿಂ.’ ಸಣ್ಣದರಲ್ಲಿ, ಹೆಸರು ದಪ್ಪದಲ್ಲಿ. ಯಾರೋ ಕೇಳಿದ್ದಕ್ಕೆ ಹೇಳಿದನಂತೆ: “ಸತ್ತದ್ದನ್ನ ಸಣ್ಣಗ ಹೇಳಬೇಕ್ರಿ. ಹೆಸರನ್ನ ದಪ್ಪಗ ಹೇಳಬೇಕು.”

ಆಮೇಲೆ ಕಂಪ್ಯೂಟರ್ ಬಂತು. ಮುಂದಿನದು ನಿಮಗೆ ಗೊತ್ತು. ಮಶೀನು ನಿಂತಿತು, ಮೊಳೆಗಳು ಗೋಣಿಚೀಲದಲ್ಲಿ ತೂಕಕ್ಕೆ ಹೋದವು. ಕಾಕಾ ಅಂದು ಊಟಕ್ಕೆ ಏಳಲಿಲ್ಲ ಎಂದು ಅವ್ವ ಹೇಳುತ್ತಿದ್ದಳು. ನಾನಾಗ ಶಿಗ್ಗಾಂವಿಯಲ್ಲಿ ಕಾಲೇಜು ಓದುತ್ತಿದ್ದೆ. ಹಳೆಯ ಸಾಮಾನು ಹೋಯಿತು, ಜಾಗ ಖುಲ್ಲಾ ಆಯಿತು ಎಂದಷ್ಟೇ ಅನ್ನಿಸಿತ್ತು.

ಇಂಥ ಮನೆಯ ಮದುವೆ ಕಾರ್ಡಿನಲ್ಲಿ ಕಾಕಾನ ಹೆಸರು ಇರುವೆ ಸಾಲಾದರೆ?

ಮಹಾಂತೇಶ, ಚಿಗವ್ವ, ನಾನು ಮೂವರೂ ಕಾರ್ಡು ಮಾಡಿಕೊಟ್ಟ ಇರ್ಫಾನನ ಡಿಟಿಪಿ ಅಂಗಡಿಗೆ ಹೋದೆವು. ಸವಣೂರಿನ ಬಸ್‌ಸ್ಟ್ಯಾಂಡ್ ಹತ್ತಿರದ ಸಣ್ಣ ಅಂಗಡಿ. ಇರ್ಫಾನ್ ಒಳ್ಳೆಯ ಹುಡುಗ, ಕುರ್ಚಿ ಒರೆಸಿ ಚಿಗವ್ವನನ್ನು ಕೂರಿಸಿದ. ಇದ್ದಬದ್ದ ದಪ್ಪ ಫಾಂಟುಗಳನ್ನೆಲ್ಲ ತೆರೆಯಲ್ಲಿ ಒಂದೊಂದಾಗಿ ತೋರಿಸಿದ. ಗುರುಬಸಪ್ಪ, ಗುರುಬಸಪ್ಪ, ಗುರುಬಸಪ್ಪ. ಕಾಕಾ ಬಗೆಬಗೆಯ ಅಂಗಿ ಹಾಕಿ ಬಂದು ನಿಂತಂತಿತ್ತು. ಚಿಗವ್ವ ಎಲ್ಲಕ್ಕೂ ತಲೆ ಅಲ್ಲಾಡಿಸಿದಳು. ಒಂದನ್ನು ಇರ್ಫಾನ್ ‘ಬೋಲ್ಡ್’ ಗುಂಡಿ ಒತ್ತಿ ಇನ್ನಷ್ಟು ದಪ್ಪ ಮಾಡಿದ.

“ಇದು ದಪ್ಪ ಅಲ್ಲಪಾ, ಬಾವು,” ಅಂದಳು ಚಿಗವ್ವ.

ಇರ್ಫಾನ್‌ಗೇ ನಗು ಬಂತು. ನಿಜ ನೋಡಿ. ಮೈಕಟ್ಟು ಬೇರೆ, ಊತ ಬೇರೆ. ನಮ್ಮ ಊರೂರಿನ ಸರ್ಕಲ್ಲುಗಳ ಫ್ಲೆಕ್ಸುಗಳನ್ನು ನೋಡಿದಾಗೆಲ್ಲ ಈಗ ನನಗೆ ಆ ಮಾತು ನೆನಪಾಗುತ್ತದೆ. ಹುಟ್ಟುಹಬ್ಬದ ಶುಭಾಶಯಗಳೆಲ್ಲ ಬಾವು ಬಂದು ನಿಂತಿವೆ!

ಸರಿ, ಹಳೆಯ ಮೊಳೆ ಎಲ್ಲಾದರೂ ಉಳಿದಿದೆಯೇ ಎಂದು ಹುಡುಕಲು ನಾನು ಹೊರಟೆ. ಹಾನಗಲ್ಲಿನಲ್ಲಿ ಕಾಕಾನ ಜೊತೆಗಾರ ಮುದ್ರಕರೊಬ್ಬರಿದ್ದರು. ಈಗ ಅಲ್ಲಿ ಝೆರಾಕ್ಸ್ ಮಶೀನು, ಮಗ ನೋಡಿಕೊಳ್ಳುತ್ತಾನೆ. ಮೊಳೆ ಎಲ್ಲಿ ಎಂದರೆ ಅವನು ಕೆರೆಯ ಕಡೆ ಕೈ ತೋರಿಸಿದ. ನನಗೆ ತಿಳಿಯಲಿಲ್ಲ. ಸೀಸವನ್ನು ಮೀನು ಹಿಡಿಯುವವರು ಕೊಂಡುಹೋದರಂತೆ, ಕರಗಿಸಿ ಬಲೆಯ ಅಂಚಿಗೆ ಗುಂಡು ಕಟ್ಟಿದರಂತೆ. ವಾಪಸು ಬರುವಾಗ ಕೆರೆಯ ದಂಡೆಯಲ್ಲಿ ಸ್ವಲ್ಪ ಹೊತ್ತು ಸ್ಕೂಟರ್ ನಿಲ್ಲಿಸಿದೆ. ಎಷ್ಟು ಜನರ ಹೆಸರುಗಳು ಆ ನೀರಿನ ತಳದಲ್ಲಿ ಬಲೆ ಹಿಡಿದುಕೊಂಡು ಕೂತಿವೆಯೋ.

ದಾರಿ ತೋರಿಸಿದವನು ಇರ್ಫಾನ್. ಮೊಳೆ ಬೇಡ ಮೇಡಂ, ಆ ಅಕ್ಷರದಲ್ಲಿ ಅಜ್ಜಾರ ಹೆಸರು ಅಚ್ಚಾದ ಒಂದು ಕಾಗದ ತನ್ನಿ, ಸ್ಕ್ಯಾನ್ ಮಾಡಿ ಹಾಗೇ ಕೂರಿಸುತ್ತೇನೆ ಎಂದು ಫೋನ್ ಮಾಡಿದ. ಊರ ಹೆಸರನ್ನೆಲ್ಲ ದಪ್ಪಗೆ ಅಚ್ಚು ಹಾಕಿದ ಕಾಕಾ ತನ್ನ ಹೆಸರನ್ನು ಎಲ್ಲಿ ಹಾಕಿಕೊಂಡಿದ್ದ? ಕಾರ್ಡುಗಳ ಕೆಳಗೆ ‘ಮುದ್ರಕರು’ ಎಂದು ಕಂಡೂ ಕಾಣದಂತೆ. ದಪ್ಪಗೆ ಬಂದದ್ದು ಒಂದೇ ಸಲ, ತನ್ನ ಮಗಳು ಶಾರದಾಳ ಮದುವೆಯಲ್ಲಿ. ಆಮಂತ್ರಿಸುವ ಅಪ್ಪನಾಗಿ. ಮಹಾಂತೇಶನ ಮದುವೆಯ ಹೊತ್ತಿಗೆ ಮೊಳೆಗಳು ತೂಕಕ್ಕೆ ಹೋಗಿಯಾಗಿತ್ತು.

ಶಾರದಾಳನ್ನು ಕೊಟ್ಟದ್ದು ಹಿರೇಕೆರೂರಿಗೆ. ಹೋದೆ. ಅವಳು ಕಪಾಟು ತೆಗೆದು ಧಾರೆ ಸೀರೆಯ ಮಡಿಕೆಯೊಳಗಿನಿಂದ ಕಾರ್ಡು ತೆಗೆದಳು. ಮೂಲೆಯ ಅರಿಷಿಣ ಇನ್ನೂ ಹೋಗಿರಲಿಲ್ಲ. ನಡುವಿನಲ್ಲಿ, ಮಸಿ ಒಂದು ಚೂರೂ ಮಾಸದೆ: ‘ಶ್ರೀ ಗುರುಬಸಪ್ಪ.’ ಬೆರಳು ಸವರಿದರೆ ಕಾಗದದಲ್ಲಿ ಅಕ್ಷರದ ತಗ್ಗು ಹತ್ತುತ್ತಿತ್ತು. ಮೊಳೆ ಒತ್ತಿದ ಗುರುತು ಅದು. ಕಳಕೊಂಡು ಬಿಟ್ಟೀ, ಹುಷಾರು ಎಂದು ಶಾರದಾ ಕಾರ್ಡನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಕೊಟ್ಟಳು.

ಇರ್ಫಾನ್ ಆ ಸಾಲನ್ನು ಸ್ಕ್ಯಾನ್ ಮಾಡಿದ. ಹೊಸ ಕಾರ್ಡಿನ ಇರುವೆ ಸಾಲನ್ನು ಅಳಿಸಿ ಅಲ್ಲಿ ಇದನ್ನು ಕೂರಿಸಿದ. ಸುತ್ತಲಿನ ತೆಳು ಬಂಗಾರದಕ್ಷರಗಳ ನಡುವೆ ಕಾಕಾ ಅಂಗಳದಲ್ಲಿ ಕಾಲೂರಿ ನಿಂತಂತಾಯಿತು. ಮಹಾಂತೇಶನೂ ತಲೆದೂಗಿದ. ಪ್ರೂಫನ್ನು ಚಿಗವ್ವನ ಮುಂದೆ ಇಟ್ಟೆವು. ಅವಳು ಮೇಲಿನಿಂದ ಕೆಳಗಿನವರೆಗೆ ಬೆರಳಿಟ್ಟು ಓದಿದಳು. ಬೀಗರ ಊರಿನ ಹೆಸರಿನಲ್ಲಿ ಒಂದು ಕೊಂಬು ಹೆಚ್ಚಾಗಿದೆ ಎಂದು ತೋರಿಸಿದಳು. ಗಂಡನ ಹೆಸರಿನ ಮೇಲೆ ಬೆರಳು ಸ್ವಲ್ಪ ಹೆಚ್ಚು ಹೊತ್ತು ನಿಂತಿತು. “ಈಗ ಬರೋಬ್ಬರಿ ಆತು,” ಅಂದಳು.

ಅಚ್ಚಾದ ಮೇಲೆ ಅರಿಷಿಣ ಹಚ್ಚಿದಳು. ಕಾರ್ಡುಗಳು ತಡಸಕ್ಕೆ, ಬಂಕಾಪುರಕ್ಕೆ, ಹಿರೇಬೆಂಡಿಗೇರಿಗೆ, ಹಾನಗಲ್ಲಿಗೆ ಹೊರಟುಹೋದವು.

ಮೂರು ದಿನ ಆಗಿರಲಿಲ್ಲ, ಮಹಾಂತೇಶನ ಫೋನು. “ಅಕ್ಕಾ, ಲಿಂ. ಬಿಟ್ಟು ಹೋಗೇತಲ್ಲ!”

ನನ್ನ ಹತ್ತಿರವಿದ್ದ ಕಾರ್ಡು ತೆಗೆದು ನೋಡಿದೆ. ಹೌದು. ಹಳೆಯ ಕಾರ್ಡು ಅಚ್ಚಾದಾಗ ಕಾಕಾ ಬದುಕಿದ್ದ. ಅಲ್ಲಿ ‘ಲಿಂ.’ ಎಲ್ಲಿಂದ ಬರಬೇಕು? ಇರುವೆ ಸಾಲು ಅಳಿಸುವಾಗ ಅದರೊಳಗಿನ ‘ಲಿಂ.’ ಸಹ ಅಳಿಸಿಹೋಗಿತ್ತು. ಇರ್ಫಾನ್ ನೋಡಲಿಲ್ಲ, ಮಹಾಂತೇಶ ನೋಡಲಿಲ್ಲ. ವಾರ ವಾರ ನಿಮಗೆ ಅಂಕಣ ಬಡಿಸುವ ನಾನೂ ನೋಡಲಿಲ್ಲ. ನಮಗೆಲ್ಲ ರುಮಾಲು ನೋಡುವುದರಲ್ಲೇ ಕಣ್ಣು ತುಂಬಿತ್ತು. ಬೀಗರ ಕಡೆಯ ಹಿರಿಯರೊಬ್ಬರು, ಅಜ್ಜಾರು ಆರಾಮ ಅದಾರೇನ್ರಿ, ನಾವು ಬೇರೆ ಏನೋ ಕೇಳಿದ್ವಿ ಎಂದು ವಿಚಾರಿಸಿದ್ದರಂತೆ.

ಸ್ಟಿಕರ್ ಹಚ್ಚೋಣವೇ, ಎಲ್ಲರಿಗೂ ಫೋನ್ ಮಾಡೋಣವೇ ಎಂದು ಮನೆಯಲ್ಲಿ ಒಂದೇ ಗದ್ದಲ. ಹೋದ ಕಾರ್ಡು ಹೋಯಿತು, ಇನ್ನು ಹೋಳಿಗೆಯ ಬೇಳೆ ಎಷ್ಟು ತರಬೇಕು ನೋಡಿರಿ ಎಂದು ಚಿಗವ್ವ ಎದ್ದು ಒಳಗೆ ಹೋದಳು.

ಮದುವೆಯ ದಿನ. ವಧೂವರರ ಮೇಲೆ ಅಕ್ಕಿಕಾಳು ಬಿದ್ದು, ಉಡುಗೊರೆ ಕೊಡುವ ಆಯೇರಿಯ ಗದ್ದಲ ನಡೆದಿತ್ತು. ಹಿರೇಬೆಂಡಿಗೇರಿಯಿಂದ ಒಬ್ಬ ಮುದುಕರು ಮೊಮ್ಮಗನ ಬೈಕಿನಲ್ಲಿ ಬಂದಿಳಿದರು. ಬಸವಣ್ಣೆಪ್ಪ ಅಂತ. ಹಿಂದೆ ನಾಟಕದ ಹ್ಯಾಂಡಬಿಲ್ಲಿಗೆ ಹಟ ಹಿಡಿದು ಕೂತಿದ್ದ ಖಳನಾಯಕ ಇವರೇ! ಮಂಟಪದಲ್ಲಿ ಎಲ್ಲರ ಮುಖ ನೋಡುತ್ತ ಬಂದು ಚಿಗವ್ವನ ಮುಂದೆ ನಿಂತರು. ಕೈಯಲ್ಲಿ ಹೊಸ ರುಮಾಲು, ಗುಲಾಬಿ ಬಣ್ಣದ್ದು, ಮಡಿಕೆ ಮುರಿದಿರಲಿಲ್ಲ.

“ಸಾವಕಾರ್ರು ಎಲ್ಲಿ ಕುಂತಾರ್ರಿ? ಹೋದ್ರು ಅಂತ ಯಾರೋ ಹೇಳಿದ್ರು. ಕಾರ್ಡ್ ನೋಡಿದೆ. ಆ ಅಕ್ಷರ ನೋಡಿ, ಸುಳ್ಳು ಅದು, ಗಟ್ಟಿ ಅದಾರ ಅಂತ ಗೊತ್ತಾತು. ಬರಿದಲಿಲೆ ತಿರುಗ್ತಿದ್ರು, ಅದಕ್ಕ ರುಮಾಲು ತಂದೇನಿ.”

ಮಹಾಂತೇಶ ತಲೆ ತಗ್ಗಿಸಿದ. ಶಾರದಾ ಬಾಯಿಗೆ ಸೆರಗು ಒತ್ತಿಕೊಂಡಳು. ನನಗಂತೂ ನೆಲ ಬಿರಿಯಬಾರದೇ ಅನ್ನಿಸಿತು. ಯಾರು ಹೇಳಬೇಕು? ಹೇಗೆ ಹೇಳಬೇಕು?

ಚಿಗವ್ವ ಎರಡೂ ಕೈ ಒಡ್ಡಿದಳು. “ಕೊಡ್ರಿ. ಅವರಿಗೆ ನಾ ಮುಟ್ಟಸ್ತೇನಿ.”

ರುಮಾಲು ತೆಗೆದುಕೊಂಡು ಹಣೆಗೆ ಒತ್ತಿಕೊಂಡಳು. ಮೊದಲು ಊಟ ಮಾಡಿ ಎಂದು ಅವರನ್ನು ಪಂಕ್ತಿಗೆ ಕಳಿಸಿದಳು. ಹೋಳಿಗೆಗೆ ತುಪ್ಪ ತಾನೇ ನಿಂತು ಹಾಕಿಸಿದಳು. ಅವರು ಕೈ ತೊಳೆದುಕೊಂಡು ಬಂದ ಮೇಲೆ ಪಕ್ಕದ ಕುರ್ಚಿಯಲ್ಲಿ ಕೂತು ಸಣ್ಣ ದನಿಯಲ್ಲಿ ಏನೋ ಹೇಳಿದಳು. ದೂರದಲ್ಲಿದ್ದ ನನಗೆ ಕೇಳಿಸಲಿಲ್ಲ. ಬಸವಣ್ಣೆಪ್ಪನವರು ಎದ್ದು ಹೋಗುವಾಗ ರುಮಾಲನ್ನು ವಾಪಸು ಕೇಳಲಿಲ್ಲ.

ಸಂಜೆ ಮಂಟಪ ಖಾಲಿಯಾದ ಮೇಲೆ ಚಿಗವ್ವನ ಹತ್ತಿರ ಕೂತೆ. ತೊಡೆಯ ಮೇಲೆ ಆ ರುಮಾಲಿತ್ತು. ನನ್ನೊಳಗೆ ಕೊರೆಯುತ್ತಿದ್ದ ಪ್ರಶ್ನೆಯನ್ನು ಕೇಳಿಯೇಬಿಟ್ಟೆ. ಬೀಗರ ಊರಿನ ಹೆಚ್ಚಿನ ಕೊಂಬು ಕಂಡ ಕಣ್ಣಿಗೆ ಗಂಡನ ಹೆಸರಿನ ಮುಂದಿನ ‘ಲಿಂ.’ ಇಲ್ಲದ್ದು ಕಾಣಲಿಲ್ಲವೇ?

ಅವಳು ನನ್ನ ಕಡೆ ನೋಡಲಿಲ್ಲ. ರುಮಾಲಿನ ಅಂಚನ್ನು ಬೆರಳಿನಿಂದ ನೇರ ಮಾಡುತ್ತಿದ್ದಳು.

“ನೀ ಪೇಪರಿನ್ಯಾಗ ಬರ್ಯಾಕಿ, ಇಷ್ಟು ತಿಳಿಲಿಲ್ಲೇನ ಯವ್ವಾ? ಅವರ ದಪ್ಪಕ್ಷರದಾಗ ಲಿಂ. ಅನ್ನೂದು ಇರಲೇ ಇಲ್ಲ. ಇಲ್ಲದ್ದನ್ನ ನಾ ಎಲ್ಲಿಂದ ತರ್ಲಿ?”

ಮನೆಗೆ ಬಂದು ನಾನು ಆ ಕಾರ್ಡನ್ನು ಎಷ್ಟೋ ಸಲ ತೆಗೆದು ನೋಡಿದ್ದೇನೆ. ಇಂದಿಗೂ ಅದರಲ್ಲಿ ನನಗೆ ತಪ್ಪು ಕಾಣುತ್ತಿಲ್ಲ. ನಿಮಗೇನಾದರೂ ಕಾಣುತ್ತಿದೆಯೇ?